ಮೂರನೇ ಖಾನೆ

ಮಂಗಳಾ ತಂಗಿಯ ಬಾಣಂತನಕ್ಕೆ ಜಗಳೂರಿಗೆ ಹೋಗಿ
ಇವತ್ತಿಗೆ ಹನ್ನೊಂದು ದಿನ.
ಭಾನುವಾರ, ಮಧ್ಯಾಹ್ನದ ಮೇಲೆ ಅಂಗಡಿ ರಜ.
ನಿಟುವಳ್ಳಿಯ ಬಾಡಿಗೆ ಮನೆಯಲ್ಲಿ
ಒಂದು ಬನಿಯನ್ ಹುಡುಕಲು ಬೀರು ತೆಗೆದೆ,
ಸೀರೆಗಳು ಕಾಲ ಮೇಲೆ ಬಿದ್ದವು.

ಹದಿನಾರು ವರ್ಷ ಔಷಧಿ ಅಂಗಡಿಯಲ್ಲಿ ನಿಂತವನು ನಾನು.
ಕಣ್ಣು ಕಟ್ಟಿ ಬಿಟ್ಟರೂ ಕೆಮ್ಮಿನ ಸಿರಪ್ಪಿಗೆ ಕೈ ಹೋಗುತ್ತದೆ.
ಮುರಿಗೆಪ್ಪ ಸಾಹುಕಾರರು ಕಲಿಸಿದ್ದು ಎರಡೇ ಮಾತು:
ಅಕ್ಷರದ ಸಾಲು ತಪ್ಪಬಾರದು,
ಅವಧಿ ಹತ್ತಿರ ಬಂದದ್ದು ಮುಂದೆ, ಹೊಸದು ಹಿಂದೆ.
ಇಷ್ಟು ಗೊತ್ತಿದ್ದವನಿಗೆ ಒಂದು ಬೀರು ಯಾವ ಲೆಕ್ಕ?

ಎಲ್ಲಾ ಎಳೆದು ಮಂಚದ ಮೇಲೆ ಸುರಿದೆ.
ಮಂಚ ಸಾಲದೆ ಕುರ್ಚಿ, ಕುರ್ಚಿ ಸಾಲದೆ ಕಿಟಕಿಕಟ್ಟೆ.
ಅವಳು ಇಟ್ಟದ್ದಕ್ಕೆ ತಲೆಯಿಲ್ಲ, ಬುಡವಿಲ್ಲ:
ರೇಷನ್ ಕಾರ್ಡು ಲಂಗದೊಳಗೆ,
ಗ್ಯಾಸಿನ ಪುಸ್ತಕ ಇಳಕಲ್ ಸೀರೆಯ ಮಡಿಕೆಯಲ್ಲಿ,
ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಅವಳ ಧಾರೆ ಸೀರೆಯ ಅಡಿಗೆ
(ಯಾರೂ ಕದಿಯುವಷ್ಟು ಅಂಕ ಅದರಲ್ಲಿಲ್ಲ),
ಮಂಡಿಪೇಟೆಯ ಕೈಚೀಲ ಒಂದರೊಳಗೊಂದು, ಒಂಬತ್ತು.
ಕುಬಸವೊಂದರ ತೋಳಿನಲ್ಲಿ ಸುತ್ತಿದ ಎಂಟುನೂರು ರೂಪಾಯಿ.
ಎಣಿಸಿ, ಮತ್ತೆ ಸುತ್ತಿ,
ಎಣಿಸಿಯೇ ಇಲ್ಲವೆಂಬಂತೆ ಇಟ್ಟೆ.

ಅಂಗಿ, ಕುಬಸ, ಟವೆಲ್ಲು, ಪಂಚೆ, ಲಂಗ, ಸೀರೆ.
ಇಳಕಲ್ಲು ‘ಇ’ಗೋ ‘ಸ’ಗೋ ಎಂದು ಕೊಂಚ ತಡೆದೆ;
ಅಂಗಡಿಯಲ್ಲಾದರೆ ಕಂಪನಿಯ ಹೆಸರು ಮೊದಲು,
‘ಇ’ಗೇ ಹಾಕಿದೆ.
ಮದುವೆಯ ಸಫಾರಿಯ ಗುಂಡಿ ಹೊಟ್ಟೆಯ ಈಚೆಗೆ ಬರುತ್ತಿಲ್ಲ.
ಅವಧಿ ಮೀರಿದ್ದು. ಅದಕ್ಕೆ ಬೇರೆ ರಟ್ಟಿನ ಡಬ್ಬ.

ಮೂರನೇ ಖಾನೆಯ ಮೂಲೆಯಲ್ಲಿ ನಮ್ಮದೇ ಅಂಗಡಿಯ ಕಂದು ಕವರು.
ಒಳಗೆ ಉಲ್ಲನ್ ಟೋಪಿ, ಬಿಳಿ, ನನ್ನ ಮುಷ್ಟಿಯಷ್ಟು,
ಕಿವಿಯ ಹತ್ತಿರ ಹೆಣಿಗೆ ತಪ್ಪಿ ಒಂದು ತೂತು.
ಟೋಪಿಯೊಳಗೆ ಒಂದು ಸ್ಟ್ರಿಪ್,
ಬಸುರಿಯರಿಗೆ ಕೊಡುವ ಹಳದಿ ಸಣ್ಣ ಗುಳಿಗೆ.
ನಾಲ್ಕು ತೆಗೆದಿದೆ. ಆರು ಉಳಿದಿವೆ.
ನಾನೇ ತಂದದ್ದು, ಕೆಲಸಗಾರನ ರಿಯಾಯಿತಿ ಹಿಡಿದು.
ಕೈ ತಾನಾಗಿಯೇ ತಿರುಗಿಸಿ ತಾರೀಖು ನೋಡಿತು.
ನೋಡಬೇಕಿರಲಿಲ್ಲ. ಆ ವರ್ಷ ನನಗೆ ಗೊತ್ತು.

ಅಷ್ಟರಲ್ಲಿ ಫೋನು.
“ಇಲ್ಲಿ ಬೆಳಿಗ್ಗೆ ಭಾಳ ಥಂಡಿರೀ,
ಕೂಸಿನ ಕಿವಿ ತಣ್ಣಗಾಗ್ತಾವ.
ಮೂರನೇ ಖಾನೇಲಿ ಎಡಗಡೆ, ಇಳಕಲ್ ಸೀರೆ ಹಿಂದೆ
ಒಂದು ಕವರ್ ಐತಿ ನೋಡ್ರಿ.
ಟೋಪಿ ಐತಿ. ಸಂಜೆ ಬಸ್ಸಿಗೆ ಕೊಟ್ಟು ಕಳಿಸ್ರಿ.”

ಅವಳು ಹೇಳಿದ ಎಡಗಡೆ ಈಗ ಮಂಚದ ಮೇಲಿತ್ತು.
ಇಳಕಲ್ಲು ‘ಇ’ ಆಗಿ ಮೊದಲನೇ ಖಾನೆಗೆ ಹತ್ತಿತ್ತು.
ಅಷ್ಟು ದೂರ ಕೂತು ಕತ್ತಲಲ್ಲೂ ಕೈಯಿಟ್ಟು ತೆಗೆಯಬಲ್ಲ
ಒಂದು ಮನೆಯನ್ನು ನಾನು
ಎರಡು ಗಂಟೆಯಲ್ಲಿ ಒಪ್ಪವಾಗಿ ಕೆಡವಿದ್ದೆ.

“ಸಿಕ್ತಾ?”
“ಸಿಕ್ತು. ಮಂಗಳಾ, ಅದರೊಳಗೆ...”
ಆ ಕಡೆ ಕೂಸು ಅಳತೊಡಗಿತು.
“ಟೋಪಿ ಅಷ್ಟ ಕಳಿಸ್ರಿ,” ಅಂದಳು.

ರಟ್ಟಿನ ಡಬ್ಬ ಬಾಯಿ ತೆರೆದು ಕೂತಿತ್ತು.
ಸಾಹುಕಾರರಾಗಿದ್ದರೆ, ಹಾಕಯ್ಯ ತಿಪ್ಪೇಶ, ಅನ್ನುತ್ತಿದ್ದರು.
ಇದ್ದಲ್ಲೇ ಇಡೋಣವೆಂದರೆ
ಇದ್ದ ಜಾಗವೇ ಉಳಿದಿಲ್ಲ.
ಕೊನೆಗೆ ಕುಬಸದ ತೋಳಿಗೆ, ಎಂಟುನೂರರ ಜೊತೆಗೆ ಸುತ್ತಿದೆ.
ಯಾವ ಅಕ್ಷರಕ್ಕೆ ಸೇರಿತೋ ನೋಡಲಿಲ್ಲ.

ಸಂಜೆ ಬಸ್‌ಸ್ಟ್ಯಾಂಡು, ಮಿರ್ಚಿ ಎಣ್ಣೆಯ ಹೊಗೆ,
ಕ್ಲೀನರ್ ಹುಡುಗ ಇಪ್ಪತ್ತು ರೂಪಾಯಿ ಕೇಳಿದ.
ಕವರಿನ ಮೇಲೆ ಹೆಸರು, ಓಣಿ, ಫೋನ್ ನಂಬರು ಬರೆದು
ಪೆನ್ನು ಮುಚ್ಚುವಾಗ ನೋಡುತ್ತೇನೆ,
ಕೈ ರೂಢಿಯ ಮೇಲೆ ಕೆಳಗಡೆ ಬರೆದುಬಿಟ್ಟಿದೆ:
ಬೆಳಿಗ್ಗೆ ಒಂದು, ರಾತ್ರಿ ಒಂದು,
ಊಟದ ನಂತರ.

ಹೊಡೆದು ಹಾಕುವಷ್ಟರಲ್ಲಿ ಬಸ್ಸು ಹೊರಟಿತ್ತು.